ಎದ್ದು ಹೋದವರನ್ನು ಕರೆಯುವ ರೂಢಿ

ವ್ಯಾಪಾರದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ಎದ್ದು ನಡೆಯುವುದು ಎನ್ನುತ್ತೇನೆ. ಮಾತನ್ನು ಯಾರು ಬೇಕಾದರೂ ಕಲಿಯುತ್ತಾರೆ. ಎತ್ತಿನ ಹಲ್ಲು ನೋಡುವುದು, ಸುಳಿ ನೋಡುವುದು, ನಾಲ್ಕು ಹೆಜ್ಜೆ ನಡೆಸಿ ಕುಂಟು ಹಿಡಿಯುವುದು, ಇವೆಲ್ಲ ಒಂದಷ್ಟು ಸಂತೆ ತಿರುಗಿದರೆ ತಾವಾಗಿಯೇ ಬರುತ್ತವೆ. ಆದರೆ ಮನಸ್ಸಿಗೆ ಬಂದ ಎತ್ತಿಗೆ ಬೆನ್ನು ತಿರುಗಿಸಿ, ಅದು ನನಗೆ ಬೇಕೇ ಇಲ್ಲ ಎಂಬಂತೆ ಹೊರಟುಬಿಡುವುದಕ್ಕೆ ಗುಂಡಿಗೆ ಬೇಕು.

ನಾನು ಅಣ್ಣಿಗೇರಿ, ನವಲಗುಂದ ಕಡೆಯ ದನದ ಸಂತೆಗಳಲ್ಲಿ ಎತ್ತಿನ ದಲಾಲಿ ಮಾಡಿ ಮನೆ ಕಟ್ಟಿದವನು. ನಮ್ಮಪ್ಪ ಮಂದಿಯ ಎತ್ತು ಹೊಡೆದುಕೊಂಡು ಸಂತೆಗೆ ಹೋಗುವ ಕೂಲಿ ಆಳು. ಎತ್ತೂ ನಮ್ಮದಲ್ಲ, ಹಗ್ಗವೂ ನಮ್ಮದಲ್ಲ. ಆ ಹಗ್ಗ ಹಿಡಿದು ನಿಂತಲ್ಲೇ ನಾನು ಕಣ್ಣು ಕಿವಿ ತೆರೆದಿಟ್ಟುಕೊಂಡು ಕಲಿತೆ. ಯಾರೂ ಕೂಡಿಸಿಕೊಂಡು ಹೇಳಿಕೊಡಲಿಲ್ಲ.

ಸಂತೆಯ ರೀತಿ ಕಾಣದವರಿಗೆ ಇಷ್ಟು ಹೇಳಬೇಕು. ನಮ್ಮಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಇಬ್ಬರೂ ಎದುರು ಬದರು ಕುಕ್ಕುರುಗಾಲಲ್ಲಿ ಕೂಡುತ್ತಾರೆ, ಕೈಗಳ ಮೇಲೆ ಒಂದು ಟವೆಲ್ ಹಾಕುತ್ತಾರೆ, ಟವೆಲಿನ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಕಡಿಮೆ ಕೇಳಿದವನ ಮಾನವೂ ಉಳಿಯಿತು, ಕಡಿಮೆಗೆ ಕೊಟ್ಟವನ ಮಾನವೂ ಉಳಿಯಿತು. ಹೊಂದಾಣಿಕೆ ಆಗದಿದ್ದರೆ ಒಬ್ಬ ಕೈ ಎಳೆದುಕೊಂಡು, ಟವೆಲ್ ಝಾಡಿಸಿ ಹೆಗಲಿಗೆ ಹಾಕಿ ಎದ್ದು ಹೊರಡುತ್ತಾನೆ. ಎತ್ತಿನ ಮೇಲೆ ಇಲ್ಲದ ಐಬು ಹೊರಿಸಿಯೇ ಹೊರಡಬೇಕು. ಸಾವಕಾಶ ನಡೆಯಬೇಕು. ತಿರುಗಿ ನೋಡಬಾರದು. ಚಪ್ಪಲಿ ಸರಿಮಾಡಿಕೊಳ್ಳುವ ನೆವದಲ್ಲಿ ಬಗ್ಗಬಹುದು, ಬಾಜೂದವರ ಹೋರಿಯ ಬೆನ್ನು ತಟ್ಟಬಹುದು. ಅಷ್ಟರಲ್ಲಿ ಹಿಂದಿನಿಂದ ಕೂಗು ಬರುತ್ತದೆ: "ಏ ಯಜಮಾನ್ರ, ಬರ್ರಿ ಇಲ್ಲೆ. ಸಿಟ್ಟಾದ್ರ ಹೆಂಗ್ರಿ? ಕೈ ಕೊಡ್ರಿ."

ಕೂಗಿದವನಿಗೆ ಅದರಲ್ಲಿ ಅವಮಾನವಿಲ್ಲ. ಎದ್ದು ಹೋದವನನ್ನು ಒಮ್ಮೆಯಾದರೂ ಕರೆಯುವುದು ರೂಢಿ. ಕರೆಯದವನನ್ನು ಸಂತೆಯಲ್ಲಿ ಮನುಷ್ಯನೇ ಅಲ್ಲ ಅನ್ನುತ್ತಾರೆ. ಕರೆದ ಮೇಲೆ ಇವನು ಒಂದಿಷ್ಟು ಏರುತ್ತಾನೆ, ಅವನು ಒಂದಿಷ್ಟು ಇಳಿಯುತ್ತಾನೆ, ಎತ್ತು ಮನೆ ಬದಲಿಸುತ್ತದೆ.

ಇದನ್ನೆಲ್ಲ ನನ್ನ ತಮ್ಮನಿಗೆ ನಾನೇ ಕಲಿಸಿದೆ. ಅವನು ಸಣ್ಣವನಿದ್ದಾಗ ಮನೆಯ ಮುಂದೆ ಎಮ್ಮೆಯ ಕರು ನಿಲ್ಲಿಸಿಕೊಂಡು ವ್ಯಾಪಾರದ ಆಟ ಆಡುತ್ತಿದ್ದೆವು. ನಾನು ಮಾರುವವನು, ಅವನು ಕೊಳ್ಳುವವನು. ಅವ್ವನ ಸೆರಗಿನ ತುಂಡು ಹೆಗಲಿಗೆ ಹಾಕಿಕೊಂಡು, "ನಿನ್ನ ಕರಾ ನೀನ ಕಟಗೋ, ಅದರ ಮಾರಿ ನೋಡಿದ್ರ ಹಾಲು ಒಡೀತಾವ" ಎಂದು ಎದ್ದು ನಡೆಯುತ್ತಿದ್ದ. ಆ ನಡಿಗೆ ಎಷ್ಟು ಚಂದ ಇರುತ್ತಿತ್ತೆಂದರೆ, ಕಟ್ಟೆಯ ಮೇಲೆ ಕೂತ ಹಿರಿಯರೂ ಕರುವಿನ ಬಾಲ ಹಿಡಿದು "ಬರ್ರೀ ಸಾವ್ಕಾರ್ರ, ಬರ್ರಿ" ಎಂದು ಕರೆಯುತ್ತಿದ್ದರು.

ಮುಂದೆ ಟ್ರ್ಯಾಕ್ಟರುಗಳು ಬಂದವು. ಎತ್ತಿನ ಸಂತೆ ಅರ್ಧಕ್ಕೆ ಇಳಿಯಿತು. ಒಂದು ಮನೆಯಲ್ಲಿ ಇಬ್ಬರು ದಲಾಲರಿಗೆ ಕೆಲಸ ಉಳಿಯಲಿಲ್ಲ. ತಮ್ಮ ಹೆಂಡತಿ ಮತ್ತು ಕೈಗೂಸನ್ನು ಕರೆದುಕೊಂಡು ಕಟ್ಟಡ ಕಟ್ಟುವ ಗೌಂಡಿ ಕೆಲಸದವರ ಗುಂಪಿನ ಜೊತೆ ಬೆಂಗಳೂರಿಗೆ ಹೋದ. ಅಲ್ಲಿ ಕಂಪ್ಯೂಟರ್ ಕಂಪನಿಗಳ ಮಂದಿಗಾಗಿ ಒಂದು ದೊಡ್ಡ ಅಪಾರ್ಟ್‌ಮೆಂಟು ಏಳುತ್ತಿತ್ತು. ಬರೀ ಕಂಬಗಳಿದ್ದಾಗಿನಿಂದ ಅಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದು ಸಿಮೆಂಟು ಹೊತ್ತ, ರಾತ್ರಿ ಕಬ್ಬಿಣ ಕಾದ. ಕಟ್ಟಡ ಮುಗಿದು ಮಂದಿ ಬಂದ ಮೇಲೆ ಅವನನ್ನೇ ವಾಚ್‌ಮನ್ ಮಾಡಿಕೊಂಡರು. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ, ಜನರೇಟರ್ ಬಾಜೂಕೆ ಒಂದು ಖೋಲಿ ಕೊಟ್ಟರು. ಅವನ ಹೆಂಡತಿ ಮೇಲಿನ ಕೆಲವು ಮನೆಗಳಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಳು. ಕೈಗೂಸು ಅಲ್ಲೇ ಬೆಳೆದು, ಹತ್ತಿರದ ಶಾಲೆಯಲ್ಲಿ ಹತ್ತನೆಯ ಇಯತ್ತೆಗೆ ಬಂದಳು. ವರ್ಗದಲ್ಲಿ ಮುಂದಿನ ಸಾಲಿನ ಹುಡುಗಿ. ಮಾತು ಮಾತ್ರ ಪೂರಾ ಬೆಂಗಳೂರಿನದು.

ಆ ವರ್ಷ ಮಾಗಿಯ ಚಳಿಯಲ್ಲಿ ತಮ್ಮ ಫೋನು ಮಾಡಿದ.

"ಅಣ್ಣಾ, ಖೋಲಿ ಬಿಡು ಅನ್ನಾಕತ್ಯಾರ. ಕಾವಲಿಗೆ ಏಜೆನ್ಸಿ ಮಂದಿ ಬರ್ತಾರಂತ, ಪಾಳಿ ಮ್ಯಾಲ. ಅವರಿಗೆ ಖೋಲಿ ಬೇಕಾಗಿಲ್ಲ. ಇದನ್ನ ಪಾರ್ಸಲ್ ಇಡಾಕ ಮಾಡ್ತಾರಂತ."

"ಪಾರ್ಸಲ್ ಅಂದ್ರ?"

"ಫೋನಿನ್ಯಾಗ ತರಿಸ್ತಾರಲ್ಲೋ, ಡಬ್ಬಿ, ಪೊಟ್ಟಣ. ಒಂದು ಥಂಡಿ ಪೆಟ್ಟಿಗಿನೂ ಇಡ್ತಾರಂತ, ಐಸ್‌ಕ್ರೀಮ್ ಕರಗಬಾರ್ದಂತ."

ನೌಕರಿಯ ಆಸೆಯನ್ನು ಅವನು ಆಗಲೇ ಬಿಟ್ಟಿದ್ದ. ಅವನಿಗೆ ಬೇಕಾದದ್ದು ಒಂದೇ: ಮಗಳ ಪರೀಕ್ಷೆ ಮುಗಿಯುವ ತನಕ ಆ ಖೋಲಿ. ಏಪ್ರಿಲ್ ದಾಟಿದರೆ ಸಾಕು. ನಾನು ಫೋನಿನಲ್ಲೇ ನಕ್ಕೆ. ಇಷ್ಟಕ್ಕೇ ಹೆದರಿದೆಯಾ, ನಾ ಬರುತ್ತೇನೆ, ಸುಮ್ಮನಿರು ಅಂದೆ. ಒಂದು ಇಡೀ ಜೋಡಿ ಎತ್ತು ಕೇಳುವುದಿಲ್ಲ ನಾವು, ಚೂರು ಸಮಯ ಕೇಳುತ್ತೇವೆ. ಇದನ್ನು ಕುದುರಿಸಲಾಗದವನು ದಲಾಲಿ ಯಾಕೆ ಮಾಡಬೇಕು?

ರೈಲಿಳಿದು, ಎರಡು ಬಸ್ಸು ಬದಲಿಸಿ ಅಲ್ಲಿ ಮುಟ್ಟಿದಾಗ ತಮ್ಮನೇ ಗೇಟಿನಲ್ಲಿದ್ದ. ಕೈಯಲ್ಲಿ ಸ್ಲೇಟಿನಂಥ ದೊಡ್ಡ ಫೋನು.

"ಅಣ್ಣಾ, ಹಂಗ ನಿಂದ್ರು. ಫೋಟೋ ತಗೀಬೇಕು."

"ಯಾಕಲೇ, ನನ್ನ ಮಾರಿ ಮರತಿಯೇನು?"

"ನನಗಲ್ಲೋ, ಇದಕ್ಕ ಬೇಕು." ಫೋಟೋ ತೆಗೆದ. ಆಮೇಲೆ ಆ ಸ್ಲೇಟಿನ ಮೇಲೆ ಬೆರಳಾಡಿಸುತ್ತ ನಿಂತ. ಯಾವ ಮನೆಗೆ ಬಂದವರು ಎಂದು ಅದು ಕೇಳುತ್ತಿತ್ತು. ಮೇಲಿನ ಎಲ್ಲ ಮನೆಗಳ ನಂಬರು ಅದರಲ್ಲಿದ್ದವು. ಅವನ ಖೋಲಿ ಇರಲಿಲ್ಲ. "ನಮ್ಮದು ಇದ್ರಾಗ ಮನಿನ ಅಲ್ಲಣ್ಣ. ನೀರಿನ ಟ್ಯಾಂಕರ್ ಅಂತ ಹಾಕತೇನಿ. ಅದಕ್ಕ ಯಾರನ್ನೂ ಕೇಳೂದಿಲ್ಲ."

ಹಾಗೆ ನಾನು ನೀರಿನ ಟ್ಯಾಂಕರ್ ಆಗಿ ನನ್ನ ಒಡಹುಟ್ಟಿದವನ ಮನೆಗೆ ಹೋದೆ.

ಖೋಲಿಯ ಗೋಡೆ ಮೊಣಕಾಲೆತ್ತರದವರೆಗೆ ಹಸಿ ಹಿಡಿದು ಸುಣ್ಣ ಉದುರುತ್ತಿತ್ತು. ತಮ್ಮನ ಹೆಂಡತಿ ಗೋಡೆಗೆ ತಾಗದಂತೆ ಜೋಳದ ಚೀಲವನ್ನು ಇಟ್ಟಂಗಿಯ ಮೇಲೆ ಇಟ್ಟಿದ್ದಳು. ನಮ್ಮ ಊರಿನಿಂದ ಕಳಿಸಿದ ಜೋಳ. "ಬರ್ರಿ ಭಾವಾರ, ಬಗ್ಗಿ ಬರ್ರಿ, ತಲಿ ಬಡೀತೈತಿ" ಅಂದಳು. ನಿಜ, ಮೇಲೆ ಅಡ್ಡ ಒಂದು ದಪ್ಪ ಪೈಪು. ಮೇಲಿನ ಯಾರೋ ಸ್ನಾನಕ್ಕೆ ನಿಂತರೆ ನಮ್ಮ ತಲೆಯ ಮೇಲೆ ಗುಳುಗುಳು ಸದ್ದು.

ಹುಡುಗಿ ಒಳಗಿರಲಿಲ್ಲ. ಅವ್ವ ರೊಟ್ಟಿ ಬಡಿಯುವ ಹೊತ್ತಿಗೆ ಖೋಲಿ ತುಂಬ ಹೊಗೆ. ಅದಕ್ಕೆ ಅವಳು ಹೊರಗೆ ಕಾರುಗಳ ನಡುವೆ ಚಾಪೆ ಹಾಸಿಕೊಂಡು ಓದುತ್ತಿದ್ದಳು. ಅಲ್ಲಿನ ದೀಪಗಳು ಬೇರೆ ಥರ. ಮನುಷ್ಯ ಅಲುಗಾಡಿದರೆ ಹತ್ತುತ್ತವೆ, ಸುಮ್ಮನಿದ್ದರೆ ಆರುತ್ತವೆ. ಹುಡುಗಿ ಪುಸ್ತಕದಿಂದ ಕಣ್ಣೆತ್ತದೆ ಆಗಾಗ ಎಡಗೈಯನ್ನು ಮೇಲಕ್ಕೆತ್ತಿ ಬೀಸುತ್ತಿದ್ದಳು.

"ಏನವ್ವಾ, ಸೊಳ್ಳಿ ಹೊಡ್ಯಾಕತ್ತಿಯೇನು?" ಅಂದೆ.

"ಇಲ್ಲ ದೊಡ್ಡಪ್ಪ. ನಾನಿಲ್ಲಿದೀನಿ ಅಂತ ಅದಕ್ಕೆ ಹೇಳ್ತಾ ಇದೀನಿ."

ಅಷ್ಟು ದೂರ ಬಂದದ್ದು ಯಾವುದಕ್ಕೆ ಎಂಬುದು ನನಗೆ ಆಗ ಸರಿಯಾಗಿ ತಿಳಿಯಿತು.

ಮರುದಿನ ರವಿವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಕಮಿಟಿಯವರ ಸಭೆ. ಹೋಗುವ ಮುಂಚೆ ತಮ್ಮನಿಗೆ ಹೇಳಿದೆ, ಮಾತು ನಾನು ಆಡುತ್ತೇನೆ, ನೀನು ಮುಖ ಗಟ್ಟಿ ಇಟ್ಟುಕೊಂಡು ಕೂಡು ಎಂದು. ಒಗೆದ ಧೋತರ ಉಟ್ಟು, ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡೆ. ಸಭೆಯ ಕೋಣೆಗೆ ಗಾಜಿನ ಬಾಗಿಲು. ಎಲ್ಲರೂ ಬೂಟು ಹಾಕಿಕೊಂಡೇ ಒಳಗಿದ್ದರು. ನಾವಿಬ್ಬರು ಮಾತ್ರ ರೂಢಿಯಂತೆ ಚಪ್ಪಲಿ ಹೊರಗೆ ಬಿಟ್ಟು ಹೋದೆವು.

ಅಧ್ಯಕ್ಷರು ಒಬ್ಬ ಹೆಣ್ಣುಮಗಳು. ಲ್ಯಾಪ್‌ಟಾಪ್ ಮುಂದೆ ಕೂತ ಹರೆಯದ ಹುಡುಗ ಸೆಕ್ರೆಟರಿ. ಒಂದು ಬದಿಗೆ ಪೆನ್ಶನ್ ತೆಗೆದುಕೊಳ್ಳುವ ವಯಸ್ಸಿನ ಒಬ್ಬ ಹಿರಿಯರು. ಬಹಳ ಮರ್ಯಾದೆಯ ಮಂದಿ. ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ಅವರು ಬೈದಿದ್ದರೆ ನನಗೆ ಸಸಾರ ಆಗುತ್ತಿತ್ತು. ಬೈಯುವವನಿಗೆ ಏನೋ ಬೇಕಾಗಿರುತ್ತದೆ, ಅವನ ಜೊತೆ ಮಾತು ಮುಂದುವರಿಯುತ್ತದೆ.

"ಅಮ್ಮಾರ, ಈ ಖೋಲಿದು ಯಾರ ಕೂಡ ಮಾತಾಡಬೇಕ್ರಿ? ಯಜಮಾನ್ರು ಯಾರು?" ಎಂದು ಶುರು ಮಾಡಿದೆ.

"ಯಜಮಾನ್ರು ಅಂತ ಯಾರೂ ಇಲ್ಲ ನೋಡಿ. ಇದು ಎಲ್ಲಾ ಓನರ್ಸ್ ನಿರ್ಧಾರ. ಆ್ಯಪ್‌ನಲ್ಲಿ ವೋಟ್ ಹಾಕಿದಾರೆ" ಎಂದರು ಅಧ್ಯಕ್ಷರು. ಹುಡುಗ ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸಿದ. ಒಂದು ಉದ್ದನೆಯ ಹಸಿರು ಪಟ್ಟಿ, ಒಂದು ಗಿಡ್ಡನೆಯ ಕೆಂಪು ಪಟ್ಟಿ. ಹಸಿರು ಅಂದರೆ ಪಾರ್ಸಲ್ ಖೋಲಿ ಬೇಕು ಎಂದವರು.

ಟವೆಲಿನ ಕೆಳಗೆ ನಾನು ಎಂಥೆಂಥ ಕೈ ಹಿಡಿದಿದ್ದೇನೆ. ಕಸಾಯಿಯ ಕೈ, ಗೌಡರ ಕೈ, ಕುಡಿದವರ ಕೈ. ಹಿಡಿಯಲು ಕೈಯೇ ಇಲ್ಲದ ವ್ಯಾಪಾರವನ್ನು ಅಲ್ಲೇ ಮೊದಲು ಕಂಡೆ. ಆದರೂ ಬಿಡಲಿಲ್ಲ. ತಮ್ಮನ ಹಳೆಯ ಸೇವೆ ಹೇಳಿದೆ, ಈ ಕಟ್ಟಡದ ಪ್ರತಿ ಮೂಲೆ ಅವನ ಕೈಯಲ್ಲಿ ಎದ್ದದ್ದು ಎಂದೆ. ಏಜೆನ್ಸಿಯವರು ಹೊಸಬರು, ಅವರಿಗೆ ನೀರಿನ ವಾಲ್ವು ಎಲ್ಲಿದೆ ಎಂದೂ ಗೊತ್ತಿರುವುದಿಲ್ಲ ಎಂದೆ. ಏಪ್ರಿಲ್ ತನಕ ಹುಡುಗಿಯ ಪರೀಕ್ಷೆ ಎಂದೆ. ಹಿರಿಯರು ತಲೆ ಆಡಿಸಿದರು. ಹುಡುಗ ಅಧ್ಯಕ್ಷರ ಕಡೆ ನೋಡಿ, "ಎಕ್ಸಾಮ್ ಅಂತಾರೆ ಮೇಡಂ, ಏನು ಮಾಡಬಹುದು ನೋಡೋಣ, ಆದರೆ..." ಎಂದು ಎಳೆದ.

ಆ 'ಆದರೆ' ಎಂಬಲ್ಲಿ ತಮ್ಮ ಎದ್ದು ನಿಂತ.

"ಬ್ಯಾಡ್ ಬಿಡ್ರಿ. ಅಷ್ಟು ಕಷ್ಟಪಟ್ಟು ನೀವೇನು ಕೊಡೂದು ಬ್ಯಾಡ್ರಿ. ಆ ಖೋಲಿ ನಮಗರ ಎಲ್ಲಿ ಸುಖಾ ಐತಿ? ಗ್ವಾಡಿ ಹಸಿ, ಜನರೇಟರ್ ಹೊಗಿ. ನಾವ ಬಿಡ್ತೇವಿ ತಗೋರಿ."

ಹೇಳಿದವನೇ ಬಾಗಿಲಿನ ಕಡೆ ನಡೆದ.

ನಿಜ ಹೇಳುತ್ತೇನೆ, ನನ್ನ ಎದೆ ಉಬ್ಬಿತು. ಇಷ್ಟು ವರ್ಷ ಮಂದಿಯ ಕಾರಿಗೆ ಸಲಾಮು ಹೊಡೆದೂ ತಮ್ಮ ಮರೆತಿಲ್ಲವಲ್ಲ ಎನಿಸಿತು. ಎಮ್ಮೆಯ ಕರುವಿನ ಮುಂದೆ ನಡೆದ ಅದೇ ನಡಿಗೆ. ಐಬು ಹೊರಿಸಿದ ರೀತಿಯೂ ಅದೇ. ನಾನು ಟವೆಲ್ ಝಾಡಿಸಿ ಹೆಗಲಿಗೆ ಹಾಕಿ, ಸಾವಕಾಶ ಅವನ ಹಿಂದೆ ಹೊರಟೆ. ಹೊರಗೆ ಬಂದು ಅವನು ಒಂದು ಚಪ್ಪಲಿ ಮೆಟ್ಟಿದ. ತಡೆದ. ಬಗ್ಗಿ ಅದರ ಪಟ್ಟಿ ಎಳೆದ. ಇನ್ನೊಂದು ಮೆಟ್ಟಿದ. ನಾನೂ ನನ್ನ ಚಪ್ಪಲಿ ಹುಡುಕಿದಂತೆ ಮಾಡಿದೆ. ಇಬ್ಬರ ಕಿವಿಯೂ ಹಿಂದೆಯೇ ಇತ್ತು.

ಗಾಜಿನ ಬಾಗಿಲು ಸುಸ್ಸೆನ್ನುತ್ತ ತಾನಾಗಿಯೇ ಬಂದು ಮುಚ್ಚಿಕೊಂಡಿತು. ಮುಚ್ಚುವ ಮುಂಚೆ ಒಳಗಿನಿಂದ ಬಂದದ್ದು ಒಂದೇ ಮಾತು: "ಓಕೆ, ಥ್ಯಾಂಕ್ಯೂ."

ನಾವು ತೊಟ್ಟಿಯ ಗಿಡಗಳನ್ನು ದಾಟಿದೆವು. ಈಜುವ ಹೊಂಡ ದಾಟಿದೆವು. ತಮ್ಮ ಅಲ್ಲಿ ಒಂದು ಕಾರಿನ ಕನ್ನಡಿ ಒರೆಸಿದಂತೆ ಮಾಡಿ ನಿಂತ. ನಾನು ಬಾಜೂದವರ ಹೋರಿ ನೋಡುವಂತೆ ಇನ್ನೊಂದು ಕಾರಿನ ಬೆನ್ನು ತಟ್ಟಿದೆ. ಅದು ಕಿರುಚಿಕೊಂಡಿತು. ಯಾರೋ ಮೇಲಿನಿಂದ ಬಗ್ಗಿ ನೋಡಿದರು. ಕರೆಯಲಿಲ್ಲ.

"ಕರೀತಾರೇನಣ್ಣ?" ಅಂದ, ತುಟಿ ಅಲುಗಿಸದೆ.

"ಕರೀತಾರ ನಡಿ. ತಿರುಗಿ ನೋಡಬ್ಯಾಡ."

ಗೇಟು ಬಂತು. ಅಲ್ಲಿಟ್ಟಿದ್ದ ಸ್ಲೇಟಿನಂಥ ಫೋನು ಟಿಂಗ್ ಎಂದಿತು. ತೆಗೆದು ಓದಿದ, ನನಗೆ ತೋರಿಸಿದ. ತಿಂಗಳ ಕೊನೆಗೆ ವಾಚ್‌ಮನ್ ಕುಟುಂಬ ತಾನಾಗಿಯೇ ಖೋಲಿ ಬಿಡುತ್ತಿದೆ, ಎಲ್ಲರ ಸಹಕಾರಕ್ಕೆ ವಂದನೆಗಳು ಎಂದು ಎಲ್ಲ ಮನೆಗಳಿಗೂ ಹೋದ ಸುದ್ದಿ. ಕೆಳಗೆ ಮೂರ್ನಾಲ್ಕು ಜನ ಆಗಲೇ ಹೆಬ್ಬೆರಳು ಎತ್ತಿದ್ದರು.

ಎದ್ದು ಬಂದವನು ಯಾರೂ ಕರೆಯದಿದ್ದರೂ ತಿರುಗಿ ಹೋದರೆ ಸಂತೆಯಲ್ಲಿ ಅವನ ಬೆಲೆ ಮುಗಿಯಿತು. ಆದರೂ ನಾನು ಹೋದೆ. ಚಪ್ಪಲಿ ಬಿಡದೆ ಹೋದೆ. ಗೋಡೆಯ ಮೇಲೆ ಈಗ ಈಜುವ ಹೊಂಡಕ್ಕೆ ಹಾಸುವ ನೀಲಿ ಫರಸಿಕಲ್ಲುಗಳ ಚಿತ್ರಗಳಿದ್ದವು, ಯಾವುದು ಆರಿಸುವುದೆಂದು ಮಾತು ನಡೆದಿತ್ತು.

"ಅಯ್ಯೋ, ಏಪ್ರಿಲ್‌ವರೆಗೂ ಕೊಡೋಣ ಅಂತಾನೇ ಇದ್ವಿ ನಾವು" ಅಂದರು ಹಿರಿಯರು. "ನೀವೇ ಬಿಡ್ತೀವಿ ಅಂದ್ರಲ್ಲ?"

"ಅಂದದ್ದು ಹೌದ್ರಿ. ಅದು ವ್ಯಾಪಾರದ ಮಾತ್ರಿ. ನೀವು ಕರೀತೀರಿ ಅಂತ ಅಂದದ್ರಿ."

"ಕರೀಬೇಕಿತ್ತಾ?" ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಹುಡುಗ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಏಜೆನ್ಸಿಗೆ ಡೇಟ್ ಕನ್ಫರ್ಮ್ ಮಾಡಿಬಿಟ್ಟೆ, ಫ್ರೀಜರ್ ಆರ್ಡರ್ ಹೋಗಿದೆ. ಸಾರಿ" ಎಂದ.

ನಾನು ಹಿರಿಯರ ಎದುರು ಕೂತು, ಹೆಗಲ ಟವೆಲ್ ತೆಗೆದು ಅವರ ಕೈ ಮೇಲೆ ಹಾಕಿ ಬೆರಳು ಹಿಡಿದೆ. ಬೇರೆ ದಾರಿ ತೋಚಲಿಲ್ಲ. ಆ ಕೈ ಮೆತ್ತಗಿತ್ತು. ನನ್ನ ಬೆರಳುಗಳು ಎರಡು ತಿಂಗಳು, ಒಂದೂವರೆ, ಒಂದು ಎಂದು ಒತ್ತಿ ಒತ್ತಿ ಹೇಳುತ್ತಿದ್ದವು. ಅವರು ಕೈ ಬಿಡಿಸಿಕೊಂಡು, ಟವೆಲನ್ನು ಮಡಚಿ ನನಗೇ ಮರಳಿ ಕೊಟ್ಟರು. "ಇದೆಲ್ಲ ಬೇಡ ಯಜಮಾನ್ರೆ" ಎಂದರು. ಉಡುಗೊರೆ ಕೊಡಲು ಬಂದಿದ್ದೇನೆ ಎಂದುಕೊಂಡಿದ್ದರು.

ಖೋಲಿಗೆ ಬಂದು ಹೇಳಿದಾಗ ತಮ್ಮನ ಹೆಂಡತಿ ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಪರಾತದಲ್ಲಿ ಒಗೆದಳು.

"ಯಾರು ಕೇಳಿದ್ರಿ ನಿಮ್ಮಿಬ್ಬರ ಪೌರುಷಾ? ಬೇಡಿಕೊಂಡಿದ್ರ ಬಾಯಿ ಸವೀತಿತ್ತೇನು?"

"ಹಂಗಲ್ಲವಾ, ವ್ಯಾಪಾರದಾಗ..."

"ಯಾವ ವ್ಯಾಪಾರ್ರಿ ಭಾವಾರ? ಇಲ್ಲೆ ನೀವು ಕೊಳ್ಳಾವ್ರೂ ಅಲ್ಲ, ಮಾರಾವ್ರೂ ಅಲ್ಲ. ನಾವು ಹಗ್ಗಾ ಕಟ್ಟಿಸಿಕೊಂಡು ನಿಂತಾವ್ರು. ಎತ್ತು ಸಿಟ್ಟಿಗೆದ್ದು ಹೊಂಟರ ಯಾರರ ಬರ್ರಿ ಅಂತಾರೇನು?"

ಹುಡುಗಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಚಾಪೆ ತೆಗೆದುಕೊಂಡು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ದೀಪ ಆರಿತು. ಬಹಳ ಹೊತ್ತು ಹಾಗೇ ಇತ್ತು, ಅವಳು ಕೈ ಎತ್ತಲಿಲ್ಲ.

ತಿಂಗಳ ಕೊನೆಗೆ ತಮ್ಮನೇ ಗೇಟು ತೆಗೆದು ತನ್ನ ಸಾಮಾನಿನ ಗಾಡಿಯನ್ನು ಹೊರಗೆ ಬಿಟ್ಟ, ತಾನೇ ಗೇಟು ಹಾಕಿದ. ಬಾಡಿಗೆ ಮನೆ ಹುಡುಕಲು ನಾನೂ ಓಡಾಡಿದೆ. ಯಾವ ಊರು, ಏನು ಕೆಲಸ, ಎಷ್ಟು ಮಂದಿ ಎಂದು ಕೇಳಿ, ನಮ್ಮ ಮಾತಿನ ಧಾಟಿ ಕಿವಿಗೆ ಬಿದ್ದ ಕೂಡಲೇ ಮನೆ ಆಗಲೇ ಹೋಗಿಬಿಟ್ಟಿದೆ ಅನ್ನುತ್ತಿದ್ದರು. ಕಡೆಗೆ ಊರಾಚೆ ಹೊಸದಾಗಿ ಏಳುತ್ತಿದ್ದ ಇನ್ನೊಂದು ಅಪಾರ್ಟ್‌ಮೆಂಟಿನ ತಗಡಿನ ಶೆಡ್ಡೇ ಗತಿಯಾಯಿತು. ಹುಡುಗಿ ಎಲ್ಲಿ ಅಂಬೆಗಾಲಿಟ್ಟಿದ್ದಳೋ ಅಂಥದ್ದೇ ಶೆಡ್ಡಿನಿಂದ, ಎರಡು ಬಸ್ಸು ಬದಲಿಸಿ ಹತ್ತನೆಯ ಪರೀಕ್ಷೆ ಬರೆದಳು. ಪಾಸಾದಳು. ಆದರೆ ಅವಳು ಬಯಸಿದ ಕಾಲೇಜಿಗೆ ಆ ಅಂಕ ಸಾಲಲಿಲ್ಲ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಪರೀಕ್ಷೆ ಮುಗಿಯುವ ತನಕ ಅವಳ ಅವ್ವ ಹಳೆಯ ಅಪಾರ್ಟ್‌ಮೆಂಟಿನ ಅದೇ ಮನೆಗಳಿಗೆ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಪಾತ್ರೆ ತೊಳೆಯುವವರು ಅವರಿಗೆ ಬೇಕೇ ಬೇಕು, ತೊಳೆಯುವವರ ಮನೆ ಎಲ್ಲಿದೆ ಎಂಬುದು ಬೇಕಾಗಿಲ್ಲ. ಒಂದು ದಿನ ಆ ಖೋಲಿಯಲ್ಲಿ ಇಣುಕಿ ಬಂದು ಹೇಳಿದಳು: "ಗ್ವಾಡಿ ಎಲ್ಲಾ ಕೆತ್ತಿಸಿ, ಏನೋ ಔಷಧ ಬಳಸಿ ಹಸಿ ನಿಲ್ಲಿಸ್ಯಾರ್ರಿ. ರಟ್ಟಿನ ಡಬ್ಬಿ ಮೆತ್ತಗಾಗ್ತಾವಂತ."

ನಾವು ಹೊರಿಸಿದ ಐಬು ಸುಳ್ಳಾಗಿರಲಿಲ್ಲ, ನೋಡಿರಿ. ಕೇಳಿಸಿಕೊಂಡಿದ್ದರು. ರಟ್ಟಿಗಾಗಿ.

ಆ ಊರಿಗೆ ಹೋಗುವವರು ನನ್ನನ್ನು ಕೇಳಿದರೆ ನಾನು ಒಂದೇ ಹೇಳುತ್ತೇನೆ. ಕೆಲಸ ಮಾಡಿರಿ, ದುಡಿಯಿರಿ, ಬೇಕಾದರೆ ಕಾಲು ಹಿಡಿಯಿರಿ. ಆದರೆ ಎದುರಿನವನಿಗೆ ನಿಮ್ಮಿಂದ ಏನು ಬೇಕಾಗಿದೆ ಎಂದು ಖಾತ್ರಿ ಆಗುವ ತನಕ ಕುರ್ಚಿ ಬಿಟ್ಟು ಏಳಬೇಡಿರಿ. ನಮ್ಮ ಸಂತೆಯ ರೀತಿ ಇಬ್ಬರಿಗೂ ಹಸಿವೆ ಇರುವ ಕಡೆಯದು. ಆ ಊರಲ್ಲಿ ಒಂದೇ ಕಡೆಗೆ ಹಸಿವೆ.

ಪರೀಕ್ಷೆ ಮುಗಿದ ಮೇಲೆ ಅವರೆಲ್ಲ ಊರಿಗೆ ಮರಳಿದರು. ಈಗ ತಮ್ಮ ನನ್ನ ಜೊತೆ ಸಂತೆಗೆ ಬರುತ್ತಾನೆ. ಹುಡುಗಿ ಅಣ್ಣಿಗೇರಿಯ ಕಾಲೇಜಿಗೆ ಹೋಗುತ್ತಾಳೆ. ಉಳಿದಷ್ಟು ಎತ್ತುಗಳ ವ್ಯಾಪಾರ ಇಬ್ಬರೂ ಹಂಚಿಕೊಂಡು ಮಾಡುತ್ತೇವೆ. ಹಲ್ಲು ನೋಡುವುದರಲ್ಲಿ, ಸುಳಿ ನೋಡುವುದರಲ್ಲಿ ಅವನ ಕಣ್ಣು ಇನ್ನೂ ಚುರುಕು. ಆದರೆ ಅವನನ್ನು ಮಾರುವ ಕಡೆ ಕೂಡಿಸುವ ಹಾಗಿಲ್ಲ. ಗಿರಾಕಿ ಟವೆಲ್ ಝಾಡಿಸಿ ಏಳುತ್ತಾನೆ, ಇನ್ನೂ ಬೆನ್ನು ಪೂರಾ ತಿರುಗಿಸಿರುವುದಿಲ್ಲ, ಇವನು ಕೂಗಿಬಿಡುತ್ತಾನೆ: "ಏ ಯಜಮಾನ್ರ, ಬರ್ರಿ, ಬರ್ರಿ, ಹೋಗಬ್ಯಾಡ್ರಿ."

ಸುತ್ತಲಿನವರು ನಗುತ್ತಾರೆ. "ಏನಪಾ ನಿನ್ನ ತಮ್ಮ, ಬೆಂಗಳೂರಿಗೆ ಹೋಗಿ ದಲಾಲಿ ಮರತು ಬಂದಾನಲ್ಲ" ಅನ್ನುತ್ತಾರೆ. ಅಷ್ಟು ಬೇಗ ಕರೆದರೆ ಬೆಲೆ ಬೀಳುತ್ತದೆ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಆದರೂ ಪ್ರತಿ ಸಂತೆಯಲ್ಲೂ ಕರೆಯುತ್ತಾನೆ. ನಾನು ಒಮ್ಮೆಯೂ ತಡೆದಿಲ್ಲ.